ಕಿಟಕಿಯ ಕೆಳಗಿನ ಎರೆತೊಟ್ಟಿ

ಒಂದು ಲಾರಿ ಕಪ್ಪು ಮಣ್ಣಿಗೆ ಇನ್ನೂರ ನಲವತ್ತು ಲೆವ; ಇಳಿಸುವ ಕೂಲಿ ಬೇರೆ. ಅಂಗಡಿಯಲ್ಲಿ ಚೀಲ ಕಟ್ಟಿ ಮಾರುವ ಮಣ್ಣು ಚೀಲಕ್ಕೆ ಒಂಬತ್ತು ಲೆವ. ಅದು ಹೆಸರಿಗೆ ಮಾತ್ರ ಮಣ್ಣು, ಕೈಯಲ್ಲಿ ಹಿಡಿದರೆ ಸುಟ್ಟ ಹೊಟ್ಟಿನಷ್ಟು ಹಗುರ, ಮೊದಲ ಗಾಳಿಗೇ ಪಕ್ಕದ ಬೀದಿ ಸೇರುತ್ತದೆ. ಪೆಟ್ಟಿಗೆಯಲ್ಲಿ ಸಾಕಿದ ಕೆಂಪು ಎರೆಹುಳು ಅರವತ್ತು ಲೆವ, ಅಂಚೆ ಖರ್ಚು ಕೊಳ್ಳುವವರದು. ಶಿಶುವಿಹಾರದ ಅಡುಗೆಮನೆಯಲ್ಲಿ ಸೌಟು ಆಡಿಸುವ ರಾಯ್ನಾ ಈ ಲೆಕ್ಕವನ್ನೆಲ್ಲ ಒಮ್ಮೆ ಬಾಯಲ್ಲೇ ಹಾಕಿ ನೋಡಿ ಬದಿಗೆ ತಳ್ಳಿದಳು. ಅವಳಿಗೆ ಬಿದ್ದ ಖರ್ಚೇ ಬೇರೆ. ಯಾರೋ ಮನೆ ರಿಪೇರಿಯಲ್ಲಿ ಕಿತ್ತು ಬೀದಿಗೆ ಹಾಕಿದ್ದ ಬೀಡುಕಬ್ಬಿಣದ ಸ್ನಾನದ ತೊಟ್ಟಿ ಬಿಟ್ಟಿ. ಅದನ್ನು ಹೊತ್ತು ತಂದ ಇಬ್ಬರಿಗೆ ಒಂದು ಬಾಟಲಿ ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ. ಮೊಲದ ಗೊಬ್ಬರ, ಒಳಗಿನ ಹುಳುಗಳ ಸಮೇತ, ಎರಡು ಬಕೆಟ್. ಅದಕ್ಕೆ ಬದಲು ಪದರ ಹಿಟ್ಟಿನೊಳಗೆ ಚೀಸು ತುಂಬಿ ಬೇಯಿಸಿದ ಬಾನಿತ್ಸಾ, ಒಂದು ತಟ್ಟೆ ತುಂಬ. ಉಳಿದದ್ದು ನೆರೆಹೊರೆಯವರ ನಗು. ಅದಕ್ಕೆ ಬೆಲೆ ಕಟ್ಟುವ ಅಭ್ಯಾಸ ಅವಳಿಗಿರಲಿಲ್ಲ.

ಯಾಂತ್ರಾ ಹೊಳೆಯ ದಂಡೆಯ ಆ ಊರಿನಲ್ಲಿ, ನೂಲುಗಿರಣಿ ಓಡುತ್ತಿದ್ದ ಕಾಲದಲ್ಲಿ ಕಟ್ಟಿದ ಐದು ಮಹಡಿಯ ಕಾಂಕ್ರೀಟು ಮನೆಗಳ ಸಾಲಿನಲ್ಲಿ ರಾಯ್ನಾಳದು ನೆಲಮಹಡಿ. ಅವಳ ಕಿಟಕಿಯ ಕೆಳಗೆ, ಬಾಗಿಲ ಮೆಟ್ಟಿಲಿನಿಂದ ಕಟ್ಟಡದ ಮೂಲೆಯವರೆಗೆ, ಒಂದು ಪಟ್ಟಿ ನೆಲ. ಕಟ್ಟಡ ಎದ್ದಾಗ ಅಲ್ಲಿದ್ದದ್ದು ಒಡೆದ ಇಟ್ಟಿಗೆ ಮತ್ತು ಗಾರೆ. ಆ ಕಾಲದ ಹೆಂಗಸರು ಹಳ್ಳಿಗೆ ಹೋಗಿ ಬರುವಾಗಲೆಲ್ಲ ಒಂದೊಂದು ಚೀಲ ಮಣ್ಣನ್ನು ಬಸ್ಸಿನಲ್ಲಿ ಹೊತ್ತು ತಂದು ಸುರಿದಿದ್ದರು. ಕಂಡಕ್ಟರು ಇದಕ್ಕೂ ಟಿಕೆಟ್ ಆಗಬೇಕು ಎಂದರೆ, "ಅದಕ್ಕೆ ಸೀಟು ಬೇಡ ಕಣಪ್ಪ, ನಿಂತ್ಕೊಂಡೇ ಬರುತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹತ್ತಾರು ಹಳ್ಳಿಗಳ ಮಣ್ಣು ಕೂಡಿ ಆದ ಆ ಪಟ್ಟಿಯಲ್ಲಿ ಒಂದು ತಲೆಮಾರು ಟೊಮೇಟೊ, ದಪ್ಪ ಮೆಣಸಿನಕಾಯಿ, ಪುದೀನ ಬೆಳೆದವು.

ಎರಡು ವರ್ಷದ ಹಿಂದೆ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಬದಲಿಸಲು ಬಂದವರು ಪಟ್ಟಿಯನ್ನು ಉದ್ದಕ್ಕೂ ಅಗೆದರು. ಮೇಲಿದ್ದ ಕಪ್ಪು ಮಣ್ಣು ಲಾರಿ ಹತ್ತಿ ಹೋಯಿತು. ಆಳದಲ್ಲಿದ್ದ ಹಳದಿ ಜೇಡಿ, ಜಲ್ಲಿ ಮೇಲೆ ಬಂದು ಕೂತಿತು. ಆಮೇಲೆ ನೆಟ್ಟ ಟೊಮೇಟೊ ಮೊಣಕಾಲುದ್ದಕ್ಕೂ ಬರಲಿಲ್ಲ. ಮೂಲಂಗಿ ಸಹ ಏಳಲಿಲ್ಲ. ಜೊತೆಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ತೊಳೆದುಕೊಂಡರು.

ಆಗ ಎದ್ದು ನಿಂತವನು ಮಿಂಚೋ. ರಾಯ್ನಾಳ ಎದುರು ಬಾಗಿಲಿನವನು, ಟೈರ್ ಅಂಗಡಿ ನಡೆಸಿ ಬಿಟ್ಟವನು, ಆ ಮೆಟ್ಟಿಲು ಹಂಚಿಕೊಂಡ ಮನೆಗಳ ಮೇಲ್ವಿಚಾರಕ. ಬಲ್ಬು ಹೋದರೆ ಬದಲಿಸುವುದು, ಸೂರು ಸೋರಿದರೆ ಹಣ ಎತ್ತುವುದು ಅವನ ಕೆಲಸ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಮಾಡುತ್ತಿದ್ದ. ಅವನ ಸುಪರ್ದಿಯಲ್ಲಿ ಎರಡು ಕಾರು, ಒಂದು ತನ್ನದು, ಒಂದು ಅಳಿಯನದು. ಎರಡಕ್ಕೂ ಹತ್ತಿರದಲ್ಲಿ ಜಾಗ ಸಿಗುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿ ಅವನು ಸಭೆ ನಡೆಸಿದ. "ಆ ನೆಲದಲ್ಲಿ ಬೆಕ್ಕು ಬಿಟ್ರೆ ಇನ್ನೇನೂ ಬೆಳೆಯಲ್ಲ. ಕಾಂಕ್ರೀಟ್ ಹಾಕ್ಸಿದ್ರೆ ನಾಲ್ಕು ಕಾರು ನಿಲ್ಲುತ್ತೆ. ನಗರಸಭೆಯವ್ರನ್ನ ಕೇಳಿದೀನಿ. ನಿಮ್ಮಲ್ಲಿ ಜಾಸ್ತಿ ಜನ ಒಪ್ಪಿದ್ರೆ ನಮ್ಮದೇನೂ ತಕರಾರಿಲ್ಲ ಅಂದ್ರು."

"ನಾನು ಒಪ್ಪಿಲ್ಲ" ಎಂದು ರಾಯ್ನಾ ಎದ್ದು ನಿಂತಳು.

"ನೀನೊಬ್ಳು ಒಪ್ದೇ ಇದ್ರೆ ಸೂರ್ಯ ಹುಟ್ಟಲ್ವಾ? ಅಲ್ಲಿ ಮಣ್ಣೇ ಇಲ್ಲ ಕಣಮ್ಮ!"

"ಇಲ್ದಿದ್ರೆ ಹುಟ್ಟಿಸ್ತೀನಿ."

ಮೆಟ್ಟಿಲು ತುಂಬ ನಗು ಉರುಳಿತು. ಮೂರನೇ ಮಹಡಿಯ ಗಿನ್ಕಾ ಅಜ್ಜಿ, ರಾಯ್ನಾಳ ಗೆಳತಿಯೂ ಹೌದು, ಬಾಯಿಗೆ ಬೀಗವಿಲ್ಲದವಳೂ ಹೌದು, ಮೇಲಿನಿಂದ ಕೂಗಿದಳು: "ಐವತ್ತೆಂಟಕ್ಕೆ ಹುಟ್ಟಿಸ್ತಾಳಂತೆ! ಸೂಲಗಿತ್ತಿಗೆ ಹೇಳಿ ಕಳ್ಸಿ!"

ರಾಯ್ನಾಳೂ ನಕ್ಕಳು, ಆದರೆ ಕೂರಲಿಲ್ಲ. ಗಿರಣಿ ಮುಚ್ಚಿದಾಗ ಅವಳನ್ನು ಯಾರೂ ಕೇಳಿರಲಿಲ್ಲ. ಹಳ್ಳಿಯ ಬಸ್ಸು ನಿಲ್ಲಿಸಿದಾಗಲೂ ಕೇಳಿರಲಿಲ್ಲ. ಕೊಳವೆಯವರು ಗುದ್ದಲಿ ಹಾಕುವ ಮುಂಚೆ ಕಿಟಕಿ ಬಡಿದು ಒಂದು ಮಾತು ಹೇಳಿರಲಿಲ್ಲ. ಈ ಸಲ ಕೇಳಿದ್ದಾರೆ. ಕೇಳಿದ ಮೇಲೆ ಉತ್ತರ ಪೂರ್ತಿ ಕೇಳಿಸಿಕೊಳ್ಳಲಿ ಎಂದುಕೊಂಡಳು.

"ಮೇ ತಿಂಗಳ ಗೆರ್ಗಿ ಹಬ್ಬದವರೆಗೆ ಬಿಡಿ. ಹಬ್ಬದ ಕುರಿಮರಿ ಜೊತೆ ಬೇಯಿಸೋ ಈರುಳ್ಳಿ ಸೊಪ್ಪು, ಪುದೀನ, ತಟ್ಟೆಗೆ ಹಾಕೋ ಲೆಟಿಸ್, ಎಲ್ಲ ಈ ನೆಲದಿಂದ್ಲೇ ನಿಮ್ಮ ಮನೆಗೆ ಬರುತ್ತೆ. ಬರ್ಲಿಲ್ವೋ, ಸಿಮೆಂಟ್ ಚೀಲ ನಾನೇ ಹೊತ್ತು ತರ್ತೀನಿ."

ಮಿಂಚೋ ಕೈ ಚಾಚಿದ. "ಎಲ್ರೂ ಕೇಳಿಸ್ಕೊಂಡ್ರಲ್ಲ? ಆಯ್ತು. ಗೆರ್ಗಿ ಹಬ್ಬ."

ಮರುವಾರ ಅವಳು ಊರಾಚೆ ಮೊಲ ಸಾಕುವ ದಿಲೋನ ಅಂಗಳದಲ್ಲಿದ್ದಳು. ಬಾನಿತ್ಸಾ ತಿಂದು ಮೀಸೆ ಒರೆಸಿಕೊಂಡು ದಿಲೋ ಮೊಲದ ಗೂಡಿನ ಕೆಳಗಿನ ಗೊಬ್ಬರವನ್ನು ಕವೆಗೋಲಿನಿಂದ ಎತ್ತಿ ತೋರಿಸಿದ. ಒಳಗೆ ಕೆಂಪು ನೂಲಿನ ಉಂಡೆ ಬಿಚ್ಚಿದ ಹಾಗೆ ಹುಳುಗಳು ಮಿಸುಕಾಡಿದವು.

"ತೋಟ ಅಗೆದಾಗ ಸಿಗೋ ದಪ್ಪ ಹುಳ ಅಲ್ಲ ಇದು. ಅದನ್ನ ತೊಟ್ಟೀಲಿ ಹಾಕಿದ್ರೆ ಎರಡೇ ದಿನಕ್ಕೆ ಓಡಿಹೋಗುತ್ತೆ ಇಲ್ಲ ಸಾಯುತ್ತೆ. ಇದು ಕಸದಲ್ಲೇ ಹುಟ್ಟಿ ಕಸದಲ್ಲೇ ಸಂಸಾರ ಮಾಡೋದು. ಮೊದಲು ಹಾಸಿಗೆ ಹಾಸಿ ಆರೇಳು ದಿನ ಬಿಡು. ಆಮೇಲೆ ಹುಳ. ಆಮೇಲೆ ಊಟ, ಅದೂ ಸ್ವಲ್ಪ."

"ಸ್ವಲ್ಪ ಅಂದ್ರೆ?"

"ನೀನು ಅಡುಗೆಯವಳು, ಅದೇ ನನಗೆ ಭಯ. ಕೈ ಬಿಗಿ ಹಿಡಿ. ಹಾಕಿದ್ದು ಮುಗಿದ ಮೇಲೆ ಮತ್ತೆ ಹಾಕು."

ತೊಟ್ಟಿಯನ್ನು ಎಲ್ಲಿಡಬೇಕೆಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಪಟ್ಟಿಯ ನಡುವೆ ಒಂದು ಕಡೆ ಚಳಿಗಾಲದಲ್ಲಿ ಹಿಮ ನಿಲ್ಲುತ್ತಿರಲಿಲ್ಲ. ಬೀದಿ ಬೆಕ್ಕುಗಳೆಲ್ಲ ಅಲ್ಲೇ ಮಲಗುತ್ತಿದ್ದವು. ಅದರ ಅಡಿಯಲ್ಲೇ ಬಿಸಿನೀರಿನ ಕೊಳವೆ. ನನ್ನ ಮಣ್ಣು ತಿಂದ ಕೊಳವೆ ನನ್ನ ಹುಳುಗಳ ಮೈ ಕಾಯಿಸಲಿ ಎಂದು ಆ ಜಾಗದಲ್ಲೇ ಇಟ್ಟಿಗೆ ಹಾಕಿ ತೊಟ್ಟಿ ಕೂರಿಸಿದಳು. ನೀರು ಹೋಗುವ ತೂತಿನ ಕಡೆ ತುಸು ತಗ್ಗು ಮಾಡಿದಳು, ತೂತಿಗೆ ಹಳೆಯ ಕಾಲುಚೀಲದ ಒಂದು ತುಂಡು ಕಟ್ಟಿ ಕೆಳಗೆ ಬಕೆಟ್ ಇಟ್ಟಳು. ರಟ್ಟಿನ ಪೆಟ್ಟಿಗೆಗಳನ್ನು ಅಂಗೈಯಗಲ ಹರಿದು ನೀರಲ್ಲಿ ನೆನೆಸಿ, ಬಟ್ಟೆ ಹಿಂಡಿದ ಹಾಗೆ ಹಿಂಡಿ ಹಾಸಿದಳು. ಮೇಲೆ ಒಣ ಎಲೆ, ಒಂದು ಹಿಡಿ ಮರಳು, ಕುಟ್ಟಿದ ಮೊಟ್ಟೆಚಿಪ್ಪು. ವಾರ ಬಿಟ್ಟು ಹುಳುಗಳನ್ನು ಗೊಬ್ಬರದ ಸಮೇತ ಮೇಲೆ ಹರವಿದಳು. ಬೆಳಕು ಕಂಡ ಹುಳುಗಳು ಕ್ಷಣದಲ್ಲಿ ಕೆಳಗಿಳಿದು ಮಾಯವಾದವು.

ದಿಲೋ ಹೆದರಿದ್ದೇ ಆಯಿತು. ಶಿಶುವಿಹಾರದಿಂದ ದಿನವೂ ಒಂದು ಬಕೆಟ್ ಕ್ಯಾರೆಟ್, ಆಲೂಗಡ್ಡೆ ಸಿಪ್ಪೆ ಬರುತ್ತಿತ್ತು. ಎದುರಿಗೆ ಹಸಿದ ಬಾಯಿ ಇದೆ ಎಂದ ಮೇಲೆ ರಾಯ್ನಾಳ ಕೈ ಎಲ್ಲಿ ನಿಲ್ಲುತ್ತದೆ? ಹತ್ತೇ ದಿನದಲ್ಲಿ ತೊಟ್ಟಿ ಕೊಳೆತು ನಾರಿತು, ಸಣ್ಣ ನೊಣಗಳ ಮೋಡ ಎದ್ದಿತು. ಮಿಂಚೋ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತ.

"ಏನಮ್ಮ, ಮಣ್ಣು ಹುಟ್ಟೋ ವಾಸನೇನಾ ಇದು?"

"ಹೆರಿಗೆ ಮನೇಲಿ ಗಂಡಸರಿಗೇನು ಕೆಲಸ? ಒಳಗೆ ಹೋಗು."

ಆದರೆ ಅವನು ಒಳಗೆ ಹೋದ ಮೇಲೆ ಅವಳು ಹಾಕಿದ್ದರಲ್ಲಿ ಅರ್ಧ ಎತ್ತಿ ಹೊರಗೆ ಹಾಕಿದಳು. ಒಣ ರಟ್ಟು ಬೆರೆಸಿದಳು. ಆಮೇಲಿಂದ ತೊಟ್ಟಿಯ ಒಂದೇ ತುದಿಯಲ್ಲಿ ಎರಡು ಸೌಟು ಸಿಪ್ಪೆ ಹೂತು, ಅದರ ಮೇಲೆ ಹಾಸಿಗೆ ಮುಚ್ಚಿ, ಅದು ಗುರುತು ಸಿಗದ ಹಾಗೆ ಕರಗುವವರೆಗೆ ಕೈ ಕಟ್ಟಿ ಕೂತಳು. ವಾಸನೆ ಹೋಯಿತು. ಒಂದು ಸಂಜೆ ಬೆರಳಿಂದ ಕೆದಕಿದರೆ ಮಳೆ ಬಿದ್ದ ಕಾಡಿನ ವಾಸನೆ ಬಂತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೂಸಿ ನೋಡಲು ಯಾರೂ ಬರುತ್ತಿರಲಿಲ್ಲ.

ನವೆಂಬರಿನಲ್ಲಿ ಎಲ್ಲ ಮನೆಗಳವರೂ ನೆಲಮಾಳಿಗೆಯಲ್ಲಿ ಪೀಪಾಯಿಗೆ ಎಲೆಕೋಸು ತುಂಬಿ ಉಪ್ಪುನೀರು ಹಾಕಿದರು. ಬಿಸಾಡುವ ಹೊರ ಎಲೆಗಳೆಲ್ಲ ರಾಯ್ನಾಳ ಪಾಲಾದವು. ಚಳಿ ಬಿದ್ದಾಗ ತೊಟ್ಟಿಗೆ ಹುಲ್ಲು ಒತ್ತಿ, ಅತ್ತೆಯ ಕಾಲದ ಉಣ್ಣೆಯ ಕಂಬಳಿ ಹೊದಿಸಿ, ಮೇಲೆ ಹಲಗೆ ಮುಚ್ಚಿದಳು. ಅಂಗಳವೆಲ್ಲ ಹಿಮವಾದರೂ ಹಲಗೆಯ ಅಡಿ ಕೈಯಿಟ್ಟರೆ ಬೆಚ್ಚಗೆ. ಹೊಸವರ್ಷಕ್ಕೆ ಮುಂಚೆ ಊಟ ಇಡದ ತುದಿಯಿಂದ, ಹುಳುಗಳು ತಿಂದು ಮುಗಿಸಿ ಬಿಟ್ಟುಹೋದ ಕಪ್ಪು ಪುಡಿಯನ್ನು ಎರಡು ಚೀಲ ತೆಗೆದು ನೆಲಮಾಳಿಗೆಯಲ್ಲಿಟ್ಟಳು. ಕಾಫಿ ಚರಟದ ಹಾಗಿತ್ತು. ಎರಡು ಚೀಲದಿಂದ ಅಷ್ಟುದ್ದದ ಪಟ್ಟಿಯ ಕಾಲುಭಾಗವೂ ಮುಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ವಸಂತದೊಳಗೆ ಇನ್ನೆರಡು ಬರುತ್ತದೆ ಎಂದು ಧೈರ್ಯ ಮಾಡಿಕೊಂಡಳು.

ಫೆಬ್ರವರಿ ಕೊನೆಯಲ್ಲಿ ಹುಳುಗಳು ಮಂಕಾದವು. ಇಟ್ಟ ಸಿಪ್ಪೆ ಇಟ್ಟ ಹಾಗೇ ಇತ್ತು. ಗಿನ್ಕಾ ಅಜ್ಜಿ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟಳು.

"ಪಾಪ, ಚಳೀಗೆ ಜೀವ ಸೋತಿದೆ ಕಣೆ. ಕೋಸಿನ ಹುಳಿನೀರು ಕೊಡು."

"ಹುಳಕ್ಕಾ?"

"ಯಾಕೆ, ಅದಕ್ಕೇನು ಜೀವ ಇಲ್ವಾ? ನನ್ನ ಗಂಡ ರಾತ್ರಿಯೆಲ್ಲ ಕುಡಿದು ಬೆಳಿಗ್ಗೆ ಹೆಣದ ಹಾಗೆ ಬಿದ್ದಿರ್ತಿದ್ದ. ಒಂದು ಲೋಟ ಹುಳಿನೀರು ಕುಡಿಸಿದ್ರೆ ಎದ್ದು ಗಿರಣಿಗೆ ಹೋಗ್ತಿದ್ದ. ಸತ್ತವರನ್ನೂ ಎಬ್ಬಿಸುತ್ತೆ ಅದು!"

ಆ ಊರಿನಲ್ಲಿ ಹುಟ್ಟಿದ ಯಾರಾದರೂ ಈ ಮಾತಿಗೆ ತಲೆದೂಗುವವರೇ. ಕೆಮ್ಮಿಗೆ ಹುಳಿನೀರು, ತಲೆನೋವಿಗೆ ಹುಳಿನೀರು, ಬಸುರಿಗೆ ಬಾಯಿ ಕೆಟ್ಟರೆ ಹುಳಿನೀರು. ಪೀಪಾಯಿ ಖಾಲಿ ಮಾಡುವ ಕಾಲವೂ ಅದೇ. ತಳದಲ್ಲಿ ಮೆತ್ತಗಾದ ಕೋಸು, ಮೊಣಕೈ ಮುಳುಗುವಷ್ಟು ನೀರು. ಚೆಲ್ಲಲು ರಾಯ್ನಾಳಿಗೆ ಮನಸ್ಸು ಬರಲಿಲ್ಲ. ಕೋಸು ತೊಟ್ಟಿಗೆ ಹೋಯಿತು. ಮೇಲೆ ಒಂದು ಬಕೆಟ್ ನೀರೂ ಹೋಯಿತು. ಗಿನ್ಕಾ ಅಜ್ಜಿ ತನ್ನ ಪೀಪಾಯಿಯಿಂದಲೂ ಒಂದು ಬಕೆಟ್ ತಂದು, "ಕುಡೀರಿ ಮಕ್ಕಳೇ, ಆರೋಗ್ಯವಾಗಿರಿ" ಎಂದು ಹರಸಿ ಸುರಿದಳು.

ಅದಾಗಿ ಮಾರ್ಚ್ ಬಂತು. ಎಲ್ಲರ ಮಣಿಕಟ್ಟಿನಲ್ಲೂ ವಸಂತಕ್ಕೆಂದು ಕಟ್ಟಿಕೊಂಡ ಕೆಂಪು-ಬಿಳಿ ದಾರ. ಒಂದು ಬೆಳಿಗ್ಗೆ ಮಿಂಚೋನ ಕೂಗಿಗೆ ಇಡೀ ಮೆಟ್ಟಿಲು ಎಚ್ಚರವಾಯಿತು. ಬಾಗಿಲ ಹೊರಗೆ ಬಿಟ್ಟಿದ್ದ ಬೂಟಿಗೆ ಕಾಲು ಹಾಕಿದ್ದಾನೆ, ಒಳಗೆ ತಣ್ಣಗೆ ಏನೋ ಹೊರಳಿದೆ. ಕಾಲೊರಸಿನ ಮೇಲೆ ಹುಳು. ಮೆಟ್ಟಿಲ ಮೇಲೆ ಹುಳು. ಗೋಡೆಯ ಮೇಲೆ ತೊಟ್ಟಿಯಿಂದ ಬಾಗಿಲವರೆಗೆ ಹುಳುಗಳ ಮೆರವಣಿಗೆ. ಅರ್ಧ ಒಣಗಿ ಅಂಟಿಕೊಂಡಿವೆ, ಅರ್ಧ ಇನ್ನೂ ತೆವಳುತ್ತಿವೆ.

ರಾಯ್ನಾ ರಾತ್ರಿಯಂಗಿಯಲ್ಲೇ ಓಡಿ ಹಲಗೆ ಎತ್ತಿದಳು. ಉಳಿದವು ತೊಟ್ಟಿಯ ಅಂಚಿಗೆ ಉಂಡೆಗಟ್ಟಿ ನೇತಾಡುತ್ತಿದ್ದವು. ಕೆಳಗಿನ ಬಕೆಟ್ಟಿನ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಉಗಿದಳು. ಉಪ್ಪು. ಸಾರಿಗೆ ಹಾಕಿದರೆ ಮಕ್ಕಳು ತಟ್ಟೆ ತಳ್ಳುವಷ್ಟು ಉಪ್ಪು.

ಅವಳಿಗೆ ಹೇಳಲು ಯಾರೂ ಬೇಕಿರಲಿಲ್ಲ. ಬಸವನಹುಳುವಿನ ಮೇಲೆ ಉಪ್ಪು ಹಾಕಿದರೆ ಏನಾಗುತ್ತದೆಂದು ಚಿಕ್ಕಂದಿನಿಂದ ಕಂಡಿದ್ದಳು. ಸ್ವಂತ ಕೈಯಿಂದಲೇ ಹಾಕಿದ್ದಳು. ಮೈಯೆಲ್ಲ ತೊಗಲೇ ಆದ ಜೀವಕ್ಕೆ ಎರಡು ಬಕೆಟ್ ಉಪ್ಪುನೀರು ಸುರಿಯುವಾಗ ಆ ನೆನಪು ಎಲ್ಲಿ ಹೋಗಿತ್ತೋ.

ಬೂಟು ಕೈಯಲ್ಲಿ ಹಿಡಿದ ಮಿಂಚೋ ಅಲ್ಲೇ ಸಭೆ ಕರೆದ. ಹಲ್ಲುಜ್ಜುತ್ತಿದ್ದವರು ಬ್ರಷ್ಷಿನ ಸಮೇತ ಇಳಿದು ಬಂದರು.

"ನೋಡಿ! ನೀವೇ ನೋಡಿ! ನಾಳೆ ಹಾಸಿಗೆಗೆ ಬರುತ್ತೆ. ನನ್ನ ಮೊಮ್ಮಗಳು ಇಲ್ಲೇ ತೆವಳೋದು. ಇವತ್ತೇ ಈ ದರಿದ್ರ ತೊಟ್ಟಿ ಗುಜರಿಗೆ ಹೋಗ್ಬೇಕು. ಗೆರ್ಗಿ ಹಬ್ಬ ಗಿರ್ಗಿ ಹಬ್ಬ ಎಲ್ಲ ಮುಗೀತು."

"ಮುಗಿದಿಲ್ಲ" ಎಂದಳು ರಾಯ್ನಾ. ಅವಳು ಮೊಣಕಾಲೂರಿ ಕಸದ ಮೊರಕ್ಕೆ ಹುಳು ಬಳಿಯುತ್ತಿದ್ದಳು; ತಲೆ ಎತ್ತಲಿಲ್ಲ. "ತಪ್ಪು ನನ್ನದು. ಮೆಟ್ಟಿಲು ತೊಳೀತೀನಿ. ನಿನ್ನ ಬೂಟೂ ತೊಳೀತೀನಿ, ಇಲ್ಲಿಡು. ಆದ್ರೆ ಮಾತು ಆಗಿದ್ದು ಹಬ್ಬಕ್ಕೆ. ಹಬ್ಬದ ಹಿಂದಿನ ದಿನ ಬಂದು ನನ್ನ ಮುಖಕ್ಕೆ ಉಗಿ. ಇವತ್ತು ಉಗಿಯೋ ಹಾಗಿಲ್ಲ."

"ತಪ್ಪು ಅವಳದೊಬ್ಬಳದೇ ಅಲ್ಲ" ಎಂದು ಗಿನ್ಕಾ ಅಜ್ಜಿ ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು. "ಹುಳಿನೀರು ಹಾಕು ಅಂದಿದ್ದು ನಾನು. ಒಂದು ಬಕೆಟ್ ನಂದೇ."

ಯಾರೋ ಕಿಸಕ್ಕೆಂದರು. "ಹುಳಕ್ಕೆ ನಶೆ ಇಳಿಸೋಕೆ ಹೋದ್ರಾ ಅಜ್ಜಿ?" ನಗು ಹರಡಿತು, ಮಿಂಚೋನ ಸಭೆ ಕೈಜಾರಿತು. ಅವನು ಬೂಟು ನೆಲಕ್ಕೆಸೆದು ಒಳಗೆ ಹೋದ. ಹೋಗುವಾಗ ಅವನ ಬಲಗೈ ಗೋಡೆ ಹಿಡಿದೇ ಇತ್ತು. ಬಗ್ಗಿ ಕೂತಿದ್ದ ರಾಯ್ನಾಳ ಕಣ್ಣಿಗೆ ನೇರ ಬಿದ್ದದ್ದು ಅವನ ಎಡ ಮೊಣಕಾಲು: ಪೈಜಾಮದ ಒಳಗೆ ಬುರುಡೆಯ ಹಾಗೆ ಊದಿತ್ತು.

ಆ ದಿನ ಅವಳು ಕೆಲಸಕ್ಕೆ ತಡವಾಗಿ ಹೋದಳು. ಬದುಕುಳಿದ ಹುಳುಗಳನ್ನು ನೀರಿನಲ್ಲಿ ಮೆಲ್ಲನೆ ಅದ್ದಿ ತೆಗೆದು, ಒದ್ದೆ ರಟ್ಟು ಹಾಸಿದ ಬಕೆಟ್ಟಿಗೆ ಹಾಕಿದಳು. ಅರ್ಧಕ್ಕಿಂತ ಕಡಿಮೆ. ದಿಲೋಗೆ ಫೋನು ಮಾಡಿದಾಗ ಅವನು ನಗಲಿಲ್ಲ. "ಬಾ, ಇನ್ನೆರಡು ಬಕೆಟ್ ಕೊಡ್ತೀನಿ" ಎಂದ.

"ಬೇಡ. ಹೊಸಬರನ್ನ ತಂದು ಇದೇ ಉಪ್ಪಲ್ಲಿ ಹಾಕಿ ಕೊಲ್ಲಲಾ? ಮೊದಲು ತೊಟ್ಟಿ ಸರಿ ಮಾಡ್ತೀನಿ."

"ತಳದಲ್ಲಿ ಹುಡುಕು. ಸಾಸಿವೆಗಿಂತ ಸ್ವಲ್ಪ ದಪ್ಪ, ನಿಂಬೆ ಆಕಾರ, ಹಳದಿ ಬಣ್ಣ. ಮೊಟ್ಟೆಗೂಡು. ತಾಯಿ ಸತ್ರೂ ಅದು ಗಟ್ಟಿ."

ಇದ್ದವು. ಉಪ್ಪು ಇಳಿಯದ ತುದಿಯಲ್ಲಿ ಚಿಮುಟದಲ್ಲಿ ಎತ್ತಿದಷ್ಟೂ ಸಿಕ್ಕವು. ಕನ್ನಡಕ ಹಾಕಿಕೊಂಡು ಎತ್ತಿ ಹೊಸ ಹಾಸಿಗೆಗೆ ಸೇರಿಸಿದಳು. ಉಪ್ಪು ಕುಡಿದ ಹಾಸಿಗೆಯನ್ನೆಲ್ಲ ಪಟ್ಟಿಯ ಹೊರಗೆ ಎಳೆದು ಮಳೆಗೆ ಬಿಟ್ಟಳು. ಏಪ್ರಿಲ್ ಹೊತ್ತಿಗೆ ಹೊಸ ಹಾಸಿಗೆಯಲ್ಲಿ ದಾರದ ಎಳೆಯಷ್ಟು ತೆಳ್ಳಗಿನ ಬಿಳಿ ಮರಿಗಳು ಕಂಡವು.

ಆದರೆ ಹಬ್ಬಕ್ಕೆ ಅವುಗಳಿಂದ ಏನೂ ಆಗುವ ಹಾಗಿರಲಿಲ್ಲ. ಇದ್ದದ್ದು ನೆಲಮಾಳಿಗೆಯ ಎರಡು ಚೀಲ. ಹರವಿದರೆ ಸಾಲದು. ರಾಯ್ನಾ ಒಂದು ಸಂಜೆ ಪಟ್ಟಿಯ ಅಂಚಿನಲ್ಲಿ ನಿಂತು ಯೋಚಿಸಿದಳು: ಬೆಣ್ಣೆ ಕಡಿಮೆ ಇದ್ದಾಗ ಹಿಟ್ಟಿಗೆಲ್ಲ ಕಲಸುತ್ತೀವಾ? ಇಲ್ಲ, ಬಾಣಲೆಗೆ ಮಾತ್ರ ಸವರುತ್ತೀವಿ. ನೆಲಕ್ಕೆಲ್ಲ ಹಾಕುವುದು ಬೇಡ, ಬೇರಿನ ಬಾಯಿಗೆ ಮಾತ್ರ ಹಾಕೋಣ.

ಕಿಟಕಿಯ ಮೇಲೆ ಮೊಸರಿನ ಡಬ್ಬಿಗಳಲ್ಲಿ ಲೆಟಿಸ್ ಸಸಿ ಆಗಲೇ ಎದ್ದಿತ್ತು. ಹಾರೆಯಿಂದ ಜೇಡಿಯಲ್ಲಿ ಗುಣಿ ಹೊಡೆಯುವುದು, ಜಲ್ಲಿ ಆರಿಸಿ ಎಸೆಯುವುದು, ಗುಣಿಗೆ ಒಂದು ಸೌಟು ಕಪ್ಪು ಪುಡಿ, ಸಸಿ, ಒಂದು ಲೋಟ ನೀರು. ಈರುಳ್ಳಿ ಗಡ್ಡೆಗೆ ಅರ್ಧ ಸೌಟು. ಪುದೀನಕ್ಕೆ ಒಂದು ಚಿಟಿಕೆ. ಅದು ಹೇಗೂ ನಾಚಿಕೆಯಿಲ್ಲದ ಗಿಡ. ಗಿನ್ಕಾ ಅಜ್ಜಿ ಯಾರೂ ಕರೆಯದೆ ಇಳಿದು ಬಂದು, ಪುಟ್ಟ ಸ್ಟೂಲು ಹಾಕಿಕೊಂಡು ಜಲ್ಲಿ ಆರಿಸಿದಳು.

ಎಲ್ಲವೂ ಬರಲಿಲ್ಲ. ಮೆಟ್ಟಿಲ ಪಕ್ಕದ ಸಾಲನ್ನು ಯಾರದೋ ನಾಯಿ ಕೆದರಿತು. ನೆರಳಿನ ಕಡೆಯ ಈರುಳ್ಳಿ ಹುಲ್ಲಿನ ಕಡ್ಡಿಯಷ್ಟೇ ಆಯಿತು. ಆದರೆ ಕಟ್ಟಡದ ಮೂಲೆಯ ಬಿಸಿಲಿನಲ್ಲೂ ತೊಟ್ಟಿಯ ಸುತ್ತಮುತ್ತಲೂ ಲೆಟಿಸ್ ಎರಡು ಅಂಗೈ ಅಗಲಕ್ಕೆ ಬಿರಿಯಿತು. ಹಳದಿ ಜೇಡಿಯ ಮೇಲೆ ಅಷ್ಟು ಹಸಿರು ನೋಡಿದವರು ಯಾರೋ ತಂದಿಟ್ಟಿದ್ದಾರೆ ಎಂದುಕೊಳ್ಳುವ ಹಾಗೆ. ಮಿಂಚೋ ಹಾಗೇ ಅಂದುಕೊಂಡ. ಒಂದು ದಿನ ಯಾರೂ ಇಲ್ಲದಾಗ ಬಗ್ಗಿ ಒಂದು ಗಿಡ ಅಲುಗಿಸಿ ನೋಡಿದ. ಗಿಡ ಮಿಸುಕಲಿಲ್ಲ. ಪರದೆಯ ಹಿಂದೆ ರಾಯ್ನಾಗೆ ಕಾಫಿ ನೆತ್ತಿಗೇರುವಷ್ಟು ನಗು ಬಂತು.

ಅದಕ್ಕೇ ಇರಬೇಕು, ಅವನು ಅವಸರ ಮಾಡಿದ. ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗ, ರಾಯ್ನಾ ಕೆಲಸಕ್ಕೆ ಹೊರಡುವ ಹೊತ್ತಿಗೆ ಜಲ್ಲಿ ತುಂಬಿದ ಲಾರಿಯೊಂದು ಹಿಂದೆ ಸರಿಯುತ್ತ ಬಂದು ಪಟ್ಟಿಯ ಅಂಚಿಗೆ ನಿಂತಿತು. ಚಾಲಕ ತಲೆ ಹೊರಗೆ ಹಾಕಿದ.

"ಅಕ್ಕ, ಮಿಂಚೋ ಅನ್ನೋರು ಹೇಳಿದ್ದು. ಎಲ್ಲಿ ಸುರೀಲಿ?"

"ಮಿಂಚೋನ ಬಾಲ್ಕನಿಗೆ ಸುರಿ."

"ಹಿಹಿ. ಇಲ್ಲ, ಈ ಗಿಡ ಇರೋ ಕಡೆ ಅಂದ್ರು."

ರಾಯ್ನಾ ಕೈಚೀಲ ಕಿಟಕಿಗೆ ತೂಗುಹಾಕಿ, ತೊಟ್ಟಿಯ ಹಲಗೆಯ ಮೇಲೆ ಹೋಗಿ ಕೂತಳು. ಕಾಲ ಮೇಲೆ ಕಾಲು ಹಾಕಿಕೊಂಡಳು. "ಸುರಿ."

ಚಾಲಕ ಅವಳನ್ನೂ ಗಿಡಗಳನ್ನೂ ನೋಡಿದ. ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಗಿನ್ಕಾ ಅಜ್ಜಿ ಗಂಟಲು ಹರಿಯುವ ಹಾಗೆ ಕೂಗಿದಳು: "ಏಯ್, ಒಂದು ಎಲೆ ಮುಟ್ಟು ನೋಡೋಣ! ಮೇಲಿಂದ ಪೀಪಾಯಿ ಇಳಿಸ್ತೀನಿ ನಿನ್ನ ಗಾಜಿನ ಮೇಲೆ!"

"ನನಗೆ ಕೂಲಿ ಕೊಟ್ಟಿರೋದು ಜಲ್ಲಿ ಸುರಿಯೋಕೆ, ಹೆಂಗಸರನ್ನ ಹೂಳೋಕಲ್ಲ" ಎಂದು ಚಾಲಕ ಗೊಣಗಿ, ರಸ್ತೆಯ ಬದಿಯಲ್ಲೇ ಜಲ್ಲಿ ಇಳಿಸಿ ಹೊರಟುಹೋದ. ಶಿಶುವಿಹಾರದಲ್ಲಿ ಆ ದಿನ ಸಾರು ತಡವಾಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ರಾಯ್ನಾ ಚಾಕು ತಂದು ಸಾಲಾಗಿ ಕೊಯ್ದಳು. ಹದಿನೈದು ಮನೆಗೆ ಹದಿನೈದು ಕಟ್ಟು: ಒಂದು ಲೆಟಿಸ್, ಒಂದು ಹಿಡಿ ಈರುಳ್ಳಿ ಸೊಪ್ಪು, ನಾಲ್ಕು ಎಸಳು ಪುದೀನ. ಈರುಳ್ಳಿ ತೆಳ್ಳಗೇ ಇತ್ತು, ಸುಳ್ಳೇಕೆ. ಮಿಂಚೋನ ಬಾಗಿಲಿಗೂ ಒಂದು ಕಟ್ಟು ಇಟ್ಟಳು. ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತಾಗ ಅವನು ಆ ಕಟ್ಟನ್ನು ಎತ್ತಿ ತೋರಿಸಿದ.

"ಸೊಪ್ಪು ಬಂತು. ಒಪ್ಕೊಂಡೆ. ಆದ್ರೆ ಸೊಪ್ಪು ಮಾರ್ಕೆಟ್ಟಲ್ಲಿ ಸಿಗುತ್ತೆ ಕಣ್ರಪ್ಪ. ಜಾಗ ಸಿಗಲ್ಲ. ಹೊಳೆ ಹತ್ರ ಕಾರು ನಿಲ್ಲಿಸಿ ಈ ದಿಬ್ಬ ಹತ್ತಿ ನೋಡಿ ಒಂದ್ಸಲ." ಅವನು ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದ.

"ಪೂರ್ತಿ ಹೇಳು ಮಿಂಚೋ" ಎಂದಳು ರಾಯ್ನಾ. "ಮೊಣಕಾಲು ಹೋಗಿದೆ ಅಂತ ಹೇಳು."

ಅವನ ಮುಖ ಕೆಂಪಾಯಿತು. "ಅದು ನಿನಗೆ ಸಂಬಂಧ ಇಲ್ಲ."

"ಇದೆ. ಕಾರು ಕಾರು ಅಂತ ವರ್ಷವೆಲ್ಲ ಕೂಗಿದೆ. ಕಾಲು ಅಂತ ಒಂದ್ಸಲ ಅಂದಿದ್ರೆ ನಾನು ಇಷ್ಟು ಜಗಳ ಆಡ್ತಿರ್ಲಿಲ್ಲ." ಅವಳು ಎದ್ದು ನಿಂತಳು. "ಎಲ್ರೂ ಕೇಳಿ. ಕಟ್ಟಡದ ಮೂಲೆ, ಒಂದು ಕಾರು ಹಿಡಿಯೋಷ್ಟು, ಮಿಂಚೋನ ಕಾಲಿಗೆ ಬಿಡ್ತೀನಿ. ಅವನ ಅಳಿಯನ ಕಾರಿಗೆ ಒಂದು ಗೇಣು ಬಿಡಲ್ಲ. ಇನ್ಯಾರ ಕಾರಿಗೂ ಬಿಡಲ್ಲ. ಮಿಕ್ಕಿದ್ದು ತೋಟ. ಇವತ್ತು ಕೈ ಎತ್ತಿದ್ರೆ ಮತ್ತೆ ವರ್ಷವರ್ಷ ಕೇಳೋ ಹಾಗಿಲ್ಲ."

"ನನಗೆ ನಿನ್ನ ಭಿಕ್ಷೆ ಬೇಡ" ಎಂದ ಮಿಂಚೋ.

"ಭಿಕ್ಷೆ ಯಾರು ಕೊಟ್ರು? ಬಾಡಿಗೆ ಇದೆ. ವಾರಕ್ಕೊಂದು ಬಕೆಟ್ ಸಿಪ್ಪೆ. ಉಪ್ಪು, ಹುಳಿ, ಎಣ್ಣೆ, ಮಾಂಸ ಇರೋ ಹಾಗಿಲ್ಲ. ಒಂದು ವಾರ ತಪ್ಪಿದ್ರೆ ನಿನ್ನ ಕಾರಿನ ಮುಂದೆ ತೊಟ್ಟಿ ಇಡ್ತೀನಿ. ಅದನ್ನ ಎತ್ತೋಕೆ ಎಷ್ಟು ಜನ ಬೇಕು ಅಂತ ನಿನಗೆ ಗೊತ್ತು."

ಮೆಟ್ಟಿಲಲ್ಲಿ ಯಾರೋ ಸಿಳ್ಳೆ ಹಾಕಿದರು. ಎರಡನೇ ಮಹಡಿಯಲ್ಲಿ ಇನ್ನೂ ಮೂರು ಕಾರಿನವರಿದ್ದರು. ಅವರು ಕೈ ಎತ್ತಲಿಲ್ಲ, ಗೊಣಗಿದರು, ಒಬ್ಬ ಕಟ್ಟನ್ನು ಅಲ್ಲೇ ಬಿಟ್ಟು ಎದ್ದು ಹೋದ. ಉಳಿದವರ ಕೈ ಮೇಲೆದ್ದವು. ಮಿಂಚೋ ಮೇಲ್ವಿಚಾರಕನಾದ್ದರಿಂದ ಅವನೇ ಎಣಿಸಬೇಕಿತ್ತು. ಎಣಿಸಿದ. ಹನ್ನೊಂದು. ತನ್ನ ಕೈಯನ್ನು ಎತ್ತಲಿಲ್ಲ. ಮೊಣಕಾಲಿನ ಮೇಲಿಟ್ಟುಕೊಂಡು, "ಆಯ್ತು, ಬರ್ಕೊಳ್ಳಿ" ಎಂದ.

ಜೂನಿನಲ್ಲಿ ಮೂಲೆಗೆ ಕಾಂಕ್ರೀಟು ಬಿತ್ತು. ರಾಯ್ನಾ ಕಳೆದುಕೊಂಡದ್ದು ಇಡೀ ಪಟ್ಟಿಯಲ್ಲಿ ಹೆಚ್ಚು ಬಿಸಿಲು ಬೀಳುವ ಜಾಗ, ಅರ್ಧಕ್ಕಿಂತ ಹೆಚ್ಚು ಹುಳು, ಮತ್ತು ಎರಡನೇ ಮಹಡಿಯ ಮೂರು ಮನೆಗಳ ನಮಸ್ಕಾರ. ಅವರು ಈಗಲೂ ಅವಳನ್ನು ಮಾತಾಡಿಸುವುದಿಲ್ಲ. ಉಳಿಸಿಕೊಂಡದ್ದು ಕಿಟಕಿಯಿಂದ ಮೆಟ್ಟಿಲವರೆಗಿನ ನೆಲ. ಆ ವರ್ಷ ಅದರಲ್ಲಿ ಟೊಮೇಟೊ ಸೊಂಟದೆತ್ತರಕ್ಕೆ ಬಂದವು, ಮೆಣಸಿನಕಾಯಿ ಬರಲಿಲ್ಲ. ಗಳಿಸಿದ್ದು ಶರತ್ಕಾಲಕ್ಕೆ ತೊಟ್ಟಿಯಿಂದ ಐದು ಚೀಲ ಕಪ್ಪು ಮಣ್ಣು.